ಕಂಬಳಿಯವನಿಗೂ ಒಂದು ದಾರಿ

ಅವರೆ ಚಪ್ಪರದೊಳಗೆ ಕಾಲಿಡುವ ಮೊದಲು ರುದ್ರತ್ತೆ ಮುಂದಿನ ಗಳಕ್ಕೆ ಕುಡುಗೋಲಿನ ಹಿಡಿಯಿಂದ ಮೂರು ಸಲ ಬಡಿಯುತ್ತಿದ್ದಳು. ಆಮೇಲೆ ಮನೆಗೆ ಬಂದ ಬೀಗರನ್ನು ಮಾತಾಡಿಸುವ ದನಿಯಲ್ಲಿ, "ಒಳಗ ಯಾರದೀರಿ? ಇದ್ರ ಆ ಕಡಿಂದ ಹೊರಗ ಹೋಗ್ರಿ," ಎಂದು ಕೂಗುತ್ತಿದ್ದಳು. ತಲೆ ಓರೆ ಮಾಡಿ ಕೇಳುತ್ತಿದ್ದಳು. ಒಳಗೆ ಒಂದು ಓತಿಕ್ಯಾತ ಸರಿದರೂ ಸಾಕು, ಆ ದಿನ ಕಾಯಿ ಬಿಡಿಸುವುದಿಲ್ಲ.

ಅವಳು ನನ್ನ ಅಪ್ಪನ ಅಕ್ಕ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕೂಡ್ಲಿಗಿಯಲ್ಲಿ ಪಿಯುಸಿ ಓದುವಾಗ ಅವಳ ಮನೆಯಲ್ಲಿದ್ದೆ. ಅವಳದು ಗುಡ್ಡದ ಬುಡದ ಸಣ್ಣ ಊರು. ಹಿತ್ತಲಿನ ಆಚೆ ಬಂಡೆಗಳೇ. ಎಷ್ಟು ಸೇರು ಅವರೆ ಬಂತು, ಎಷ್ಟು ಸಲ ಬಸ್ಸು ತಪ್ಪಿತು ಎಂದು ನಾನು ದಿನವೂ ತಾರೀಖು ಹಾಕಿ ಡೈರಿಯಲ್ಲಿ ಬರೆದಿಡುತ್ತಿದ್ದೆ. ಅತ್ತೆ ಇಣುಕಿ ನೋಡಿ ನಗುತ್ತಿದ್ದಳು: "ನಾ ಎಷ್ಟು ಸಲ ಅಂಜಿದೆ ಅಂತಾನೂ ಬರಕೋ ಯವ್ವಾ. ಹಾಳಿ ಸಾಲಂಗಿಲ್ಲ ನಿನಗ."

ಕರಡಿ ಎಂಬ ಮಾತು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. "ಕಂಬಳಿಯವ" ಎನ್ನುತ್ತಿದ್ದಳು.

ಅವಳ ಭಯ ಮಾವನ ಮುಖದ ಮೇಲೆಯೇ ಇತ್ತು. ನಾನು ಹೋಗುವುದಕ್ಕೆ ಕೆಲವು ವರ್ಷ ಮೊದಲು ಚಪ್ಪರವನ್ನು ಮಾವನೇ ಕಟ್ಟುತ್ತಿದ್ದ. ಅತ್ತೆ ಗಿಡ್ಡಿ, ಕೈ ಎತ್ತಿ ಎತ್ತಿ ಅವಳ ಹೆಗಲು ನೋಯಬಾರದೆಂದು ತಗ್ಗಾಗಿ ಕಟ್ಟಿದ್ದ. ಬಳ್ಳಿ ನೆಲದವರೆಗೂ ಇಳಿದು, ಮಧ್ಯಾಹ್ನವೂ ಒಳಗೆ ಕತ್ತಲೆ. ಹಿಂಬದಿ ಕಲ್ಲಿನ ಗೋಡೆ. ಒಂದು ಬೆಳಗ್ಗೆ ಮಾವ ಬಗ್ಗಿ ಒಳಗೆ ಹೋದಾಗ ಅದು ಅಲ್ಲಿ ಮಲಗಿತ್ತು. ಅದಕ್ಕೆ ಹೊರಬರಲು ಇದ್ದ ಒಂದೇ ದಾರಿಯಲ್ಲಿ ಮಾವ ನಿಂತಿದ್ದ. ಬಲಗಣ್ಣು ಹೋಯಿತು, ದವಡೆ ಮುರಿಯಿತು. ಅಲ್ಲಿಂದಾಚೆ ಮಾವ ತಲೆಯಿಂದ ಕೆನ್ನೆಗೆ ಟವೆಲ್ ಇಳಿಬಿಟ್ಟೇ ತಿರುಗಾಡುತ್ತಿದ್ದ. ಬೇಯಿಸಿ ಕಿವುಚಿದ ಅವರೆಕಾಳನ್ನು ಮಾತ್ರ ಸಲೀಸಾಗಿ ನುಂಗುತ್ತಿದ್ದ. ಹಾಗಾಗಿ ಚಪ್ಪರ ಬೇಡವೆನ್ನುವಂತಿರಲಿಲ್ಲ. ಕಟ್ಟುವ ಕೆಲಸವನ್ನು ಅತ್ತೆ ತಾನೇ ತೆಗೆದುಕೊಂಡಳು.

ಅವಳ ಚಪ್ಪರ ಊರಿನಲ್ಲಿ ಯಾರದರಂತೆಯೂ ಇರಲಿಲ್ಲ. ಎರಡು ಸಾಲು ನೀಲಗಿರಿ ಗಳ, ನಡುವೆ ಓಡಾಡಲು ಜಾಗ, ಎರಡೂ ತುದಿ ಬಯಲು. ನಾನು ಗಳಗಳನ್ನು ಒತ್ತಾಗಿ ನೆಟ್ಟರೆ ಬಂದು ಒಂದನ್ನು ಕಿತ್ತುಹಾಕುತ್ತಿದ್ದಳು. ಮೊಣಕಾಲಿನವರೆಗೆ ಬಳ್ಳಿಯಲ್ಲಿ ಒಂದೆಲೆ ಇರಕೂಡದು. "ಒಳಗ ಯಾರ ಇರ್ಲಿ, ಕಾಲು ಕಾಣಬೇಕು. ನಾವು ಬರಾಕ ಒಂದು ದಾರಿ, ಅವಗ ಹೋಗಾಕ ಒಂದು ದಾರಿ." ಗಳಗಳನ್ನು ಪುಂಡಿನಾರಿನಿಂದ ಕಟ್ಟುವಾಗಲೂ ಬಿಗಿಗಂಟು ಹಾಕುತ್ತಿರಲಿಲ್ಲ, ತುದಿ ಹಿಡಿದು ಎಳೆದರೆ ಬಿಚ್ಚಿಕೊಳ್ಳುವ ಗಂಟು. ಪಕ್ಕದ ಮನೆಯ ಕೊಟ್ರಪ್ಪಜ್ಜ ಬೇಲಿಯಾಚೆಯಿಂದ ಛೇಡಿಸುತ್ತಿದ್ದ: "ರುದ್ರವ್ವಾ, ಚಪ್ಪರಾನೋ, ಲಂಗದ ಲಾಡಿನೋ?"

"ಬೇಕಾದಾಗ ಬಿಚ್ಚಬೇಕಲ್ಲಪ, ಎರಡಕ್ಕೂ ಅದ ಗಂಟು," ಎಂದಳು ಅತ್ತೆ.

ಕಾಯಿ ತುಂಬಿದ ದಿನಗಳು. ಒಂದು ಬೆಳಗ್ಗೆ ಅತ್ತೆ ಎಂದಿನಂತೆ ಬಡಿದಳು, ಕೂಗಿದಳು. ಒಳಗಿನಿಂದ ಯಾರೋ ದಪ್ಪ ಮೂಗಿನಿಂದ ಉಸಿರೆಳೆದ ಸದ್ದು. ಎಲೆಗಳ ಕೆಳಗೆ ಕಪ್ಪು ಕಾಲುಗಳು ಕಂಡವು. ಅವು ಆಚೆ ತುದಿಗೆ ಹೋದವು, ನಿಂತವು, ಮತ್ತೆ ನಮ್ಮ ಕಡೆಗೇ ತಿರುಗಿದವು. ಆಚೆ ತುದಿಯಲ್ಲಿ ಜಾಲಿಮುಳ್ಳು ಒಟ್ಟಿತ್ತು. ಆಡು ನುಗ್ಗುತ್ತವೆಂದು ಹಿಂದಿನ ಸಂಜೆ ಮಾವ ಯಾರಿಗೂ ಹೇಳದೆ ಹಚ್ಚಿದ್ದ.

ಅಷ್ಟರಲ್ಲಿ ಮನೆ ಕಡೆಯಿಂದ ಮಾವನ ದನಿ: "ಲೇ ರುದ್ರೀ, ಚಾ ಆರತೈತಿ!" ಲೋಟ ಹಿಡಿದು, ಕಣ್ಣಿಲ್ಲದ ಮಗ್ಗುಲನ್ನು ಚಪ್ಪರದತ್ತ ಮಾಡಿಕೊಂಡು ಮಾವ ಬರುತ್ತಿದ್ದ. ಕೂಗಿದರೆ ಅದು ನಮ್ಮ ಮೇಲೆ ಬರುತ್ತದೆ. ಸುಮ್ಮನಿದ್ದರೆ ಮಾವ ಅದರ ಬಾಯಿಗೇ ಬರುತ್ತಾನೆ.

"ಓಡಬ್ಯಾಡ," ಎಂದಳು ಅತ್ತೆ. ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. ಒಂದು ಕೈಯಲ್ಲಿ ನನ್ನನ್ನು ಹಿಂದೆ ತಳ್ಳಿ, ಇನ್ನೊಂದರಲ್ಲಿ ಗುಡ್ಡದ ಕಡೆಯ ಸಾಲಿನ ನಾರು ಎಳೆದಳು. ಒಂದು ಗಳ ವಾಲಿತು. ಎರಡನೆಯದು, ಮೂರನೆಯದು. ಬಳ್ಳಿ ಸಮೇತ ಆ ಮಗ್ಗುಲು ಹೊರಕ್ಕೆ ಮಲಗಿತು. ಒಳಗೆ ಬೆಳಕು ಬಿತ್ತು. ಅದು ನಮ್ಮನ್ನೇ ನೋಡುತ್ತಿತ್ತು.

"ಇಲ್ಲೈತಿ ದಾರಿ. ಹೋಗಪ್ಪಾ, ನಿನ್ನ ಕಾಲು ಬೀಳ್ತೀನಿ. ಅವರನ್ನ ಒಂದ್ಸಲ ತಿಂದೀಯಲ್ಲ, ಸಾಕು."

ಮೂಗೆತ್ತಿ ಗಾಳಿ ಮೂಸಿತು. ಆಮೇಲೆ ಬಿದ್ದ ಬಳ್ಳಿ ತುಳಿದುಕೊಂಡು, ನಿಜವಾಗಿಯೂ ಕಂಬಳಿ ಹೊದ್ದ ಮುದುಕನ ಹಾಗೆ ಹೆಗಲು ಅಲುಗಿಸುತ್ತ, ಬಂಡೆಗಳತ್ತ ಹೋಯಿತು.

ಮಾವ ಬಂದು ನೋಡಿದ. ಮುಳ್ಳು ನೋಡಿದ, ನಮ್ಮನ್ನು ನೋಡಿದ. "ಆಡು ಬರ್ತಾವಂತ..." ಎಂದ. ಅತ್ತೆ ಲೋಟ ತೆಗೆದುಕೊಂಡಳು.

"ನೀವು ಅಂಜಂಗಿಲ್ಲ. ಅದಕ್ಕ ನಿಮ್ಮ ಪಾಲಿಂದೂ ನಾನ ಅಂಜಬೇಕಾಗೈತಿ," ಎಂದು ಆರಿದ ಚಹಾ ಕುಡಿದು, ಬಿದ್ದ ಗಳ ಎತ್ತತೊಡಗಿದಳು.

ಆ ದಿನ ನಾನು ಡೈರಿಯಲ್ಲಿ ತಾರೀಖು ಹಾಕಿದೆ. ಕೆಳಗೆ ಏನೂ ಬರೆಯಲಾಗಲಿಲ್ಲ.

ನಾನು ಹರಪನಹಳ್ಳಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅತ್ತೆ ಜ್ವರದಲ್ಲಿ ಹೋದಳು. ಮುಂದಿನ ಅವರೆ ಕಾಲಕ್ಕೆ ಊರಿಗೆ ಹೋದಾಗ ಚಪ್ಪರ ಎದ್ದಿತ್ತು. ಎರಡೂ ತುದಿ ಬಯಲು, ಕೆಳಗೆ ಒಂದೆಲೆ ಇಲ್ಲ. ನಾರು ಮುಟ್ಟಿ ನೋಡಿದೆ, ಅದೇ ಗಂಟು. ಮಾವ ಕುಡುಗೋಲು ತಿರುಗಿಸಿ ಹಿಡಿದು ಮೂರು ಸಲ ಬಡಿದ.

"ಒಳಗ ಯಾರದೀರಿ?"

ಎಲೆ ಅಲುಗಲಿಲ್ಲ. ಆಚೆಯ ಬಯಲು ನಿಚ್ಚಳವಾಗಿ ಕಾಣುತ್ತಿತ್ತು. ಆದರೂ ಮಾವ ಒಳಗೆ ಹೋಗದೆ, ಟವೆಲ್ ಸರಿಸಿ ಕಿವಿ ಅತ್ತ ಕೊಟ್ಟು, ಅತ್ತೆ ಕಾಯುತ್ತಿದ್ದುದಕ್ಕಿಂತ ಬಹಳ ಹೊತ್ತು ನಿಂತಿದ್ದ.