ನಾಯಿಗೆ ನಾನು ಕಲಿಸಿದ ದಾರಿ

ಕೆಲವು ವರ್ಷ ನಾನು ಶಿವಮೊಗ್ಗದಲ್ಲಿ ಬೇರೆಯವರ ಮನೆಯ ನಾಯಿಗಳನ್ನು ತಿರುಗಾಡಿಸಿ ಹೊಟ್ಟೆ ಹೊರೆದೆ. ಆಗ ಅದನ್ನು ಯಾರೂ ಕೆಲಸವೆಂದು ಒಪ್ಪುತ್ತಿರಲಿಲ್ಲ. ನವುಲೆಯ ಟೀ ಅಂಗಡಿಯವನಂತೂ ನನ್ನನ್ನು ಕಂಡಾಗಲೆಲ್ಲ, "ಏನ್ ಮಾರಾಯ, ನೀನು ನಾಯೀನ ಕರ್ಕೊಂಡ್ ಹೋಗ್ತಿದೀಯೋ, ಅದು ನಿನ್ನ ಕರ್ಕೊಂಡ್ ಹೋಗ್ತಿದೆಯೋ?" ಎನ್ನುತ್ತಿದ್ದ. "ಹೀಗೇ ಹೆಸರು ಮಾಡು. ತ್ಯಾವರೆಕೊಪ್ಪದ ಸಫಾರಿಯಿಂದ ಹುಲಿ ತಿರುಗ್ಸೋಕೂ ಕರೆ ಬರುತ್ತೆ."

ನಾನೂ ನಗುತ್ತಿದ್ದೆ. ನಗುವುದು ನನಗೆ ಕಷ್ಟವಾಗಿರಲಿಲ್ಲ. ಅದಕ್ಕಿಂತ ಕೆಟ್ಟ ನಗೆಯನ್ನು ಭದ್ರಾವತಿಯಲ್ಲಿ ಕೇಳಿಸಿಕೊಂಡು ಬಂದಿದ್ದೆ.

ಅಲ್ಲಿ ಒಂದು ಎರಕದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರನಾಗಿದ್ದೆ. ಅದು ಮುಚ್ಚಿ ಎಷ್ಟೋ ಕಾಲವಾಯಿತು. ಒಂದು ದಿನ ದವಡೆ ಹಲ್ಲು ವಿಪರೀತ ನೋಯುತ್ತಿತ್ತು. ಪಕ್ಕದ ಮನೆಯ ತಮಿಳು ಅಜ್ಜಿ, "ಬ್ರಾಂದೀಲಿ ಹತ್ತಿ ನೆನೆಸಿ ಹಲ್ಲಲ್ಲಿ ಇಡಪ್ಪಾ, ನೋವು ಎಂಗ್ಯೋ ಓಡಿ ಹೋಗ್ತದೆ" ಎಂದು ತಾನೇ ಹತ್ತಿ ತಂದುಕೊಟ್ಟಳು. ಇಟ್ಟುಕೊಂಡು ಬೆಳಗಿನ ಪಾಳಿಗೆ ಹೋದೆ. ಮ್ಯಾನೇಜರು ಸಾಲಿನಲ್ಲಿ ನಡೆದು ಬರುತ್ತಿದ್ದವರು ನನ್ನ ಮುಂದೆ ನಿಂತರು.

"ಬಾಯಿ ಊದು."

ಊದಿದೆ. ಹಲ್ಲುನೋವು ಎಂದೆ, ಹತ್ತಿ ತೆಗೆದು ತೋರಿಸಿದೆ. ಅವರು ಹತ್ತಿಯನ್ನು ನೋಡಲೇ ಇಲ್ಲ. "ಇಲ್ಲಿ ಎಲ್ಲರಿಗೂ ಹಲ್ಲುನೋವೇ" ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನನ್ನ ಜೊತೆ ಬುತ್ತಿ ಬಿಚ್ಚುತ್ತಿದ್ದವರೂ ನಕ್ಕರು. ಆವತ್ತೇ ಗೇಟಿನಿಂದ ಹೊರಗೆ ಹಾಕಿದರು. ನಾನು ಮನೆ ಮುಟ್ಟುವ ಮೊದಲೇ ನಲ್ಲಿಯ ಹತ್ತಿರ ನನ್ನ ಹೆಂಡತಿಗೆ ಸುದ್ದಿ ಮುಟ್ಟಿತ್ತು. ಕುಡಿದು ಕೆಲಸಕ್ಕೆ ಬಂದವನು ಎಂಬ ಮಾತು ನನಗಿಂತ ಮುಂಚೆ ಪ್ರತಿ ಗೇಟಿಗೂ ಹೋಗಿರುತ್ತಿತ್ತು. ಭದ್ರಾವತಿಯಲ್ಲಿ ಮತ್ತೆ ಕೆಲಸ ಸಿಗಲಿಲ್ಲ. ನಾನು ಆಗ ಒಂದು ಹನಿಯನ್ನೂ ಗಂಟಲಿಗೆ ಇಳಿಸಿದವನಲ್ಲ.

ಶಿವಮೊಗ್ಗಕ್ಕೆ ಬಂದು ವಿದ್ಯಾನಗರದಲ್ಲಿ ಒಂದು ಕೋಣೆ ಹಿಡಿದೆವು. ಜಾನುವಾರು ಡಾಕ್ಟರೊಬ್ಬರ ಶಾಪಿನಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಅಲ್ಲಿಗೆ ದೊಡ್ಡ ಮನೆಯವರು ಆಲ್ಸೇಷಿಯನ್ನು, ಡಾಬರ್‌ಮನ್ನು ಎಳೆದುಕೊಂಡು ಬಂದು, ದಿನವಿಡೀ ಬೊಗಳುತ್ತದೆ, ಸೋಫಾ ಹರಿಯುತ್ತದೆ, ಔಷಧ ಕೊಡಿ ಎನ್ನುತ್ತಿದ್ದರು. ಡಾಕ್ಟರು, "ಇದಕ್ಕೆ ರೋಗ ಇಲ್ಲ ಸ್ವಾಮಿ, ಕಾಲಿಗೆ ಕೆಲಸ ಇಲ್ಲ. ಓಡಾಡಿಸೋಕೆ ಪುರುಸೊತ್ತಿಲ್ಲದಿದ್ರೆ ಇವನನ್ನ ಕರ್ಕೊಂಡ್ ಹೋಗಿ" ಎಂದು ನನ್ನನ್ನು ತೋರಿಸಿದರು. ಹಾಗೆ ಶುರುವಾಯಿತು.

ಕೆಲಸ ಕೈಗೆ ಹತ್ತಲು ಒಂದು ಮಳೆಗಾಲ ಹಿಡಿಯಿತು. ಬೇಸಿಗೆಯಲ್ಲಿ ಟಾರು ರಸ್ತೆಗೆ ಅಂಗೈ ಒತ್ತಿ ನೋಡಬೇಕು. ನನ್ನ ಕೈ ಸುಟ್ಟರೆ ಅದರ ಪಾದವೂ ಸುಡುತ್ತದೆ. ಹೊರಟ ಕೂಡಲೇ ಓಡಿಸಬಾರದು, ಮೂಸಿಕೊಳ್ಳಲು ಬಿಡಬೇಕು. ಉಂಡ ಹೊಟ್ಟೆಯಲ್ಲಂತೂ ಓಡಿಸಲೇಬಾರದು. ಚೆನ್ನಾಗಿ ದಣಿದ ನಾಯಿ ಮನೆಗೆ ಬಂದು ನೀರು ಕುಡಿದು ಕಾಲು ಚಾಚಿ ಮಲಗುತ್ತದೆ. ದಣಿಯದ ನಾಯಿ ಚಪ್ಪಲಿ, ಪರದೆ, ಪೇಪರಿನವನ ಪ್ಯಾಂಟು ಯಾವುದನ್ನೂ ಬಿಡುವುದಿಲ್ಲ. ಇನ್ನೊಂದು ಕಲಿತೆ. ಒಂದು ತಿರುವಿನಲ್ಲಿ ನಾಲ್ಕಾರು ದಿನ ಬಾಯಿಗೆ ರುಚಿ ಸಿಕ್ಕಿತೆಂದರೆ, ಆಮೇಲೆ ಹಗ್ಗ ಯಾರ ಕೈಯಲ್ಲಿದ್ದರೂ ನಾಯಿ ಆ ತಿರುವಿಗೇ ಎಳೆಯುತ್ತದೆ.

ನವುಲೆಯ ಕಡೆ ಹೊಸ ಬಡಾವಣೆಯಿಂದ ಒಬ್ಬ ಯುವಕ ಬಂದು ತಮ್ಮ ಆಲ್ಸೇಷಿಯನ್ನಿಗೆ ಜನ ಬೇಕು ಎಂದ. ಅವನಿಗೆ ಭದ್ರಾವತಿಯ ಒಂದು ಸೊಸೈಟಿಯಲ್ಲಿ ಗುಮಾಸ್ತಿಕೆ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೇ ಮನೆ. ಭಾನುವಾರ ಮಾತ್ರ ತಾನೇ ತಿರುಗಾಡಿಸುತ್ತೇನೆ, ಅದೊಂದು ದಿನ ಬಿಟ್ಟುಕೊಡುವುದಿಲ್ಲ ಎಂದು ನಗುತ್ತ ಹೇಳಿದ. ನಾನು ಸೈಕಲ್ ತುಳಿದು ಮನೆಗೆ ಹೋದೆ. ಜಗಲಿಯ ಮೇಲೆ, ಹಣೆಗೆ ವಿಭೂತಿ ಹಚ್ಚಿಕೊಂಡು ಪೇಪರು ಓದುತ್ತ ಕುಳಿತಿದ್ದರು ಅವನ ತಂದೆ. ಅದೇ ಮ್ಯಾನೇಜರು.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಗುರುತು ಹಿಡಿಯಲಿಲ್ಲ.

"ಕುಡಿಯೋ ಅಭ್ಯಾಸ ಇದೆಯೇನಪ್ಪಾ?"

"ಇಲ್ಲ ಸಾರ್."

"ಇದ್ರೆ ಈಗಲೇ ಹೇಳ್ಬಿಡು. ನಮ್ಮನೇಲಿ ಅದೆಲ್ಲ ಆಗಲ್ಲ."

ಆ ಹೊತ್ತಿಗೆ ನಾಯಿ ಬಂದು ನನ್ನ ಕೈ ಮೂಸಿತು. ನಾನು ಅದರ ಕಿವಿಯ ಹಿಂದೆ ಕೆರೆದೆ. ಅಲ್ಲೇ, ಕೆರೆಯುತ್ತ ನಿಂತಿರುವಾಗಲೇ, ಇವರನ್ನು ಬಿಡಬಾರದು ಎಂದುಕೊಂಡೆ.

ಏನು ಮಾಡುವುದೆಂದು ಹೊಳೆಯಲು ಕೆಲವು ತಿಂಗಳು ಬೇಕಾಯಿತು. ನಾನು ನಾಯಿಯನ್ನು ಕೃಷಿ ಕಾಲೇಜಿನ ಕಡೆಗೆ ಕರೆದುಕೊಂಡು ಹೋಗುತ್ತಿದ್ದೆ. ಮರಗಳ ನೆರಳಿನ ರಸ್ತೆ. ಅದಕ್ಕೆ ಓಡಲು ಸಾಕಷ್ಟು ಜಾಗ. ಬಡಾವಣೆಯಿಂದ ದೊಡ್ಡ ರಸ್ತೆಗೆ ಸೇರುವಲ್ಲಿ ಆಗಷ್ಟೇ ಒಂದು ಬಾರ್ ತೆರೆದಿದ್ದರು. ಅದನ್ನು ಎತ್ತಿಸಬೇಕು ಎಂದು ಬಡಾವಣೆಯ ಹಿರಿಯರು ಸಭೆ ಮಾಡುತ್ತಿದ್ದರು. ಅವರೆಲ್ಲರ ಮುಂದಾಳು ನಮ್ಮ ಮ್ಯಾನೇಜರು. ಕುಡಿತದಿಂದ ಮನೆಗಳು ಹೇಗೆ ಹಾಳಾಗುತ್ತವೆ ಎಂದು ಅವರು ಜಗಲಿಯಲ್ಲಿ ಭಾಷಣ ಮಾಡುವುದನ್ನು ನಾನು ನಾಯಿಯ ಕಾಲು ಒರೆಸುತ್ತ ಕೇಳಿಸಿಕೊಂಡಿದ್ದೇನೆ. ಹಾಳಾದ ಮನೆಯೊಂದು ಅವರ ಮೆಟ್ಟಿಲ ಮೇಲೇ ಕೂತಿತ್ತು.

ಅಂಥ ಒಂದು ಭಾಷಣದ ಮರುದಿನದಿಂದಲೇ ನಾಯಿಯನ್ನು ಬಾರಿನ ಹಿಂಬಾಗಿಲಿಗೆ ಕರೆದುಕೊಂಡು ಹೋಗಲು ಶುರುಮಾಡಿದೆ. ಅಲ್ಲಿ ಅಡುಗೆ ಮಾಡುತ್ತಿದ್ದವನು ಭದ್ರಾವತಿಯ ಕಡೆಯವನೇ, ನನ್ನ ಹಳೆಯ ಪರಿಚಯ. ಕಥೆಯನ್ನೆಲ್ಲ ಹೇಳಿದೆ. ಅವನಿಗೆ ಬಹಳ ಖುಷಿಯಾಯಿತು. ಹೇಗೂ ಬಾರ್ ಎತ್ತಿಸಿದರೆ ಅವನ ಕೆಲಸವೂ ಹೋಗುತ್ತಿತ್ತು. ದಿನಾ ಒಂದು ಮಟನ್ ಮೂಳೆ ತೆಗೆದಿಡುತ್ತಿದ್ದ. ವಿಭೂತಿಯ ಮನೆಯಲ್ಲಿ ಹಾಲು ಅನ್ನ ತಿಂದು ಬೆಳೆದ ನಾಯಿ. ಮೊದಲ ದಿನ ಆ ಮೂಳೆಯನ್ನು ಮುಂಗಾಲುಗಳ ನಡುವೆ ಇಟ್ಟುಕೊಂಡು ನನ್ನ ಮುಖವನ್ನೇ ನೋಡಿತು, ನಿಜವಾಗಿಯೂ ತನಗೇನಾ ಎಂಬಂತೆ. ವಾರ ಕಳೆಯುವುದರೊಳಗೆ ತಿರುವು ಬಂದರೆ ನನ್ನ ಭುಜ ಕಿತ್ತು ಬರುವಂತೆ ಎಳೆಯತೊಡಗಿತು.

"ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಎತ್ತಬೇಡ" ಎಂದು ಅಡುಗೆಯವನಿಗೆ ಹೇಳಿದೆ. "ಮನೆಯವರೇ ಕರ್ಕೊಂಡ್ ಬರ್ತಾರೆ ಅನ್ನು."

"ಅಂತೀನಿ ಬಿಡಣ್ಣ. ಖಾಯಂ ಗಿರಾಕಿ ಅಂತೀನಿ."

ಒಂದು ಭಾನುವಾರ ಬೆಳಿಗ್ಗೆ ಹಿರಿಯರೆಲ್ಲ ಒಟ್ಟಾಗಿ ಬಾರಿಗೆ ಹೋಗಿ ಮಾಲೀಕನಿಗೆ ಮುಖಾಮುಖಿ ಹೇಳಿಬರುವುದೆಂದು ನಿಶ್ಚಯವಾಯಿತು. ಶನಿವಾರ ನಾನು ನಾಯಿಯನ್ನು ಕಟ್ಟುತ್ತ, "ಸಾರ್, ನಾಳೆ ಇದನ್ನೂ ಕರ್ಕೊಂಡ್ ಹೋಗಿ. ಬಾರಿನವರು ಒರಟು ಜನ. ನಿಮ್ಮ ಕೈಲಿ ಆಲ್ಸೇಷಿಯನ್ ಇದ್ರೆ ಗತ್ತೇ ಬೇರೆ" ಎಂದೆ. ಅವರಿಗೆ ಆ ಮಾತು ಇಷ್ಟವಾಯಿತು.

ಭಾನುವಾರ ನನಗೆ ರಜೆ. ಆದರೂ ಹೋಗಿ, ಬಾರಿನ ಹಿಂಬಾಗಿಲು ಕಾಣುವ ಎದುರಿನ ಟೀ ಅಂಗಡಿಯಲ್ಲಿ ಕುಳಿತೆ. ಬಿಳಿ ಪಂಚೆ, ಬಿಳಿ ಷರಟಿನ ಹಿರಿಯರು ಬಂದರು. ಮುಂದೆ ಮ್ಯಾನೇಜರು. ತಿರುವಿಗೆ ಬಂದದ್ದೇ ನಾಯಿ ಒಮ್ಮೆ ಜಗ್ಗಿತು. ಅವರು ಎಡವಿದರು. "ಏಯ್, ಏಯ್!" ಎನ್ನುತ್ತ ಅದರ ಹಿಂದೆಯೇ ಓಡಿದರು, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಪಂಚೆ. ನಾಯಿ ಮುಂಬಾಗಿಲಿನ ಕಡೆ ತಿರುಗಿಯೂ ನೋಡದೆ ಸೀದಾ ಹಿಂಬಾಗಿಲಿಗೆ ಹೋಗಿ ಕುಳಿತು, ಬಾಗಿಲನ್ನು ಕಾಲಿನಿಂದ ಕೆರೆಯಿತು. ಅಡುಗೆಯವನು ಮೂಳೆ ಹಿಡಿದು ಹೊರಗೆ ಬಂದ.

"ಬಂದ್ಯಾ ಕಂದಾ? ಇವತ್ತೇನು ಲೇಟು?"

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಕೇಳಿದರು: "ಈ ನಾಯಿ ಗೊತ್ತೇನಯ್ಯಾ ನಿಂಗೆ?"

"ಗೊತ್ತಿಲ್ದೆ ಏನ್ ಸ್ವಾಮಿ? ಯಾವಾಗ್ಲೂ ಬರ್ತದೆ. ಮನೆಯವರೇ ಕರ್ಕೊಂಡ್ ಬರ್ತಾರಲ್ಲ."

"ಓಹೋ," ಎಂದರು ಇನ್ನೊಬ್ಬರು, "ಅದಕ್ಕೇ ಏನ್ ಸಾರ್, ಬಾರ್ ಮನೆಗೆ ಹತ್ರ ಆಯ್ತು ಅಂತ ತಕರಾರು?"

ಮೊದಲು ಒಬ್ಬರು ನಕ್ಕರು. ಆಮೇಲೆ ಎಲ್ಲರೂ. ಮ್ಯಾನೇಜರು ಹಗ್ಗ ಜಗ್ಗಿದರು, ನಾಯಿ ಮೂಳೆ ಬಿಡಲಿಲ್ಲ. ಆ ನಗೆ ನನಗೆ ರಸ್ತೆಯ ಈಚೆಗೂ ಕೇಳಿಸಿತು. ಎರಕದ ಕಾರ್ಖಾನೆಯ ಸಾಲಿನಿಂದ ಬಂದ ನಗೆಯಂತೆಯೇ ಇತ್ತು. ಆ ಟೀಯಷ್ಟು ಸಿಹಿಯಾದುದನ್ನು ನಾನು ಜೀವನದಲ್ಲಿ ಕುಡಿದಿಲ್ಲ. ಪಶ್ಚಾತ್ತಾಪ ಪಡುವವನು ಇದನ್ನು ಬರೆಯಬಾರದೇನೋ. ಆದರೆ ಸುಳ್ಳು ಬರೆದು ಪಶ್ಚಾತ್ತಾಪ ಪಡುವುದು ನನಗೆ ಬೇಡ.

ಸೋಮವಾರ ಬೆಳಿಗ್ಗೆ ಅವರು ನನ್ನನ್ನು ಜಗಲಿಗೆ ಕರೆದರು. ಮಗ ಬಸ್ಸಿಗೆ ಹೊರಡಲು ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದ.

"ನೀನು ನಾಯೀನ ಬಾರಿನ ಕಡೆ ಕರ್ಕೊಂಡ್ ಹೋಗ್ತೀಯಾ?"

"ಇಲ್ಲ ಸಾರ್. ಕಾಲೇಜಿನ ಕಡೆಗೇ."

"ಆಯ್ತು," ಎಂದರು. "ನೀನು ಸುಳ್ಳು ಹೇಳೋನಲ್ಲ."

ಅಷ್ಟು ಸುಲಭವಾಗಿ ನಂಬಿದರು! ಹತ್ತಿ ತೆಗೆದು ತೋರಿಸಿದ ನಿಜವನ್ನು ನಂಬದ ಮನುಷ್ಯ, ಕೈಬೀಸಿಕೊಂಡು ಹೇಳಿದ ಸುಳ್ಳನ್ನು ನಂಬಿದರು. ನಾನು ಒಳಗೊಳಗೇ ಹಲ್ಲು ಕಡಿದೆ. ಅಷ್ಟರಲ್ಲಿ ಅವರು ಮಗನ ಕಡೆಗೆ ತಿರುಗಿದ್ದರು.

ಅದನ್ನು ನಾನು ಯೋಚಿಸಿರಲೇ ಇಲ್ಲ. ಊರು ಅವರನ್ನು ಕುಡುಕ ಎನ್ನುತ್ತದೆ ಎಂದಷ್ಟೇ ಲೆಕ್ಕ ಹಾಕಿದ್ದೆ. ತಾವು ಕುಡಿದಿಲ್ಲ ಎಂಬುದು ಅವರಿಗಂತೂ ಗೊತ್ತಿತ್ತಲ್ಲ. ಮನೆಯಲ್ಲಿ ನಾಯಿ ಹಿಡಿಯುವ ಇನ್ನೊಬ್ಬ ಗಂಡಸು ಮಗನೊಬ್ಬನೇ.

"ಭಾನುವಾರ ಭಾನುವಾರ ಎಲ್ಲಿಗೆ ಕರ್ಕೊಂಡ್ ಹೋಗ್ತಿದ್ದೆ?"

"ಕಾಲೇಜಿಗೆ ಅಪ್ಪಾ. ಆ ತಿರುವಲ್ಲಿ ಎಳೆಯುತ್ತೆ, ನಾನೇ ಹೇಳಿದ್ನಲ್ಲ, ಇದಕ್ಕೆ ಬಾರಿನ ವಾಸನೆ ಇಷ್ಟ ಅಂತ. ತಮಾಷೆಗೆ..."

"ತಮಾಷೆ! ಬಾಯಿ ಊದು."

"ಅಪ್ಪಾ, ನಾನು ಮುಟ್ಟೋನಲ್ಲ."

"ಎಲ್ಲರೂ ಹೇಳೋದು ಅದನ್ನೇ. ಊದು."

ಅವನು ನನ್ನ ಕಡೆ ನೋಡಿದ. ನನ್ನೆದುರಿಗೆ ಊದಬೇಕಾಗಿದೆಯಲ್ಲ ಎಂದು ಅವನ ಮುಖ ಕೆಂಪಾಗಿತ್ತು. ಊದಿದ. ಏನೂ ವಾಸನೆ ಬಂದಿರಲಾರದು. "ಹಲ್ಲುಜ್ಜಿದ ಮೇಲೆ ಏನು ಗೊತ್ತಾಗುತ್ತೆ" ಎಂದರು ಮ್ಯಾನೇಜರು. ನಾನು ನಾಯಿಗೆ ಪಟ್ಟಿ ಹಾಕಿಕೊಂಡು ಹೊರಟೆ.

ಆ ತಿಂಗಳೇ ಮಗ ಭದ್ರಾವತಿಯಲ್ಲಿ ಬಾಡಿಗೆ ಕೋಣೆ ಹಿಡಿದು ಹೋಗಿಬಿಟ್ಟ. ಬಾರ್ ಎತ್ತಿಸುವ ಮಾತೂ ನಿಂತಿತು. ಮ್ಯಾನೇಜರು ಹೊರಗೆ ಹೊರಡುವುದನ್ನು ಕಡಿಮೆ ಮಾಡಿದರು; ಅವರು ದೇವಸ್ಥಾನಕ್ಕೆ ಹೋದರೂ ಹಿಂದಿನಿಂದ ಯಾರಾದರೂ, "ಸಾರ್, ನಾಯಿ ಎಲ್ಲಿ?" ಎನ್ನುತ್ತಿದ್ದರು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ನಾನು ಆ ಮನೆಗೆ ಹೋಗಿ ಬರುತ್ತಿದ್ದೆ. ಸುಖವಾಗಿಯೇ ಹೋಗಿ ಬರುತ್ತಿದ್ದೆ. ಮಗನ ನೆನಪು ಬಂದರೆ, ನನಗೂ ಹೀಗೇ ಆಗಿತ್ತಲ್ಲ, ಯಾರು ಬಂದು ಬಿಡಿಸಿದರು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮಗನ ಭಾನುವಾರವೂ ನನ್ನ ಪಾಲಿಗೇ ಬಂದಿತ್ತು. ಆ ದಿನ ಮಾತ್ರ ನಾಯಿಯನ್ನು ಹೊರಡಿಸುವುದು ಕಷ್ಟವಾಗುತ್ತಿತ್ತು. ಅದು ಗೇಟಿನ ಹತ್ತಿರ ಮಲಗಿ ಬಸ್ಸು ಬರುವ ಕಡೆಗೆ ಮುಖ ಮಾಡಿರುತ್ತಿತ್ತು. ನಾನು ಹಗ್ಗ ಹಿಡಿದರೆ ಎದ್ದು ಬರುತ್ತಿತ್ತು, ಓಡುತ್ತಿರಲಿಲ್ಲ.

ಒಂದು ದಿನ ಮ್ಯಾನೇಜರು ಮನೆಯ ಬೀಗದ ಕೈ ನನಗೆ ಕೊಟ್ಟರು. "ಇಟ್ಕೋ. ಹೊಟ್ಟೇಲಿ ಹುಟ್ಟಿದವನಿಗಿಂತ ನಿನ್ನ ನಂಬ್ತೀನಿ ಈಗ."

ಅದು ನನಗೆ ತಡೆಯಲಾಗಲಿಲ್ಲ. ನಿಂತಲ್ಲೇ ಮೂಳೆಯ, ಹಿಂಬಾಗಿಲಿನ ವಿಷಯವನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ನನ್ನ ಮಗ ಕಳ್ಸಿದ್ನಾ ನಿನ್ನ? ಎಷ್ಟು ಕೊಟ್ಟ?" ಎಂದರು.

ಕೈಹಿಡಿದು ಬಾರಿನ ಹಿಂಬಾಗಿಲಿಗೆ ಕರೆದುಕೊಂಡು ಹೋದೆ. ನಾಯಿ ಮುಂದೆ ಓಡಿತು. ಅಡುಗೆಯವನಿಗೆ, ಇದ್ದದ್ದು ಹೇಳು ಎಂದೆ. ಅವನು ನನ್ನನ್ನೂ ಅವರನ್ನೂ ನೋಡಿ, "ಇವನೇ ಸಾರ್ ತರ್ತಿದ್ದುದು. ನಿಮ್ಮ ಮಗನ ಮುಖಾನೇ ನಾನು ಕಂಡಿಲ್ಲ" ಎಂದ.

ಮ್ಯಾನೇಜರು ಗೋಡೆಗೆ ಒರಗಿದರು. "ಯಾಕೆ?" ಎಂದರು. ಹಲ್ಲುನೋವು, ಹತ್ತಿ, ಗೇಟು, ಎಲ್ಲ ಹೇಳಿದೆ. ಅವರು ಹುಬ್ಬು ಗಂಟಿಕ್ಕಿ ಯೋಚಿಸಿದರು.

"ನಂಗೆ ನೆನಪೇ ಇಲ್ವಲ್ಲೋ."

ಆ ಕ್ಷಣ ನನಗೆ ಬಂದದ್ದು ಪಶ್ಚಾತ್ತಾಪವಲ್ಲ. ಇನ್ನೊಮ್ಮೆ ಮೊದಲಿನಿಂದ ಎಲ್ಲವನ್ನೂ ಮಾಡಬೇಕು ಎನ್ನುವಷ್ಟು ಸಿಟ್ಟು.

"ನಾಯೀನ ಅವನಿಗೇ ಕೊಡು. ನೀನೇ ಹೋಗಿ ಹೇಳು," ಎಂದರು. ಬಸ್ಸಿಗೆ ನಾಯಿಯನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ಭಾನುವಾರ ಬೆಳಕು ಹರಿಯುವ ಮೊದಲೇ ಹೊರಟು, ಭದ್ರಾವತಿಯವರೆಗೆ ನಡೆದೇ ಹೋದೆವು. ಬಿಸಿಲೇರಿದ ಮೇಲೆ ರಸ್ತೆ ಬಿಟ್ಟು ಹುಲ್ಲಿನ ಅಂಚಿನಲ್ಲಿ ನಡೆಸಿದೆ, ಸಿಕ್ಕ ನೆರಳಲ್ಲೆಲ್ಲ ಕೂರಿಸಿ ನೀರು ಕೊಟ್ಟೆ. ಅದರ ಜೊತೆ ನನ್ನ ಕೊನೆಯ ತಿರುಗಾಟ ಅದು.

ಮಗ ಬಾಗಿಲು ತೆರೆದದ್ದೇ ನಾಯಿ ಅವನ ಎದೆಯವರೆಗೆ ಹಾರಿತು. ಅವನು ಕೆಳಗೆ ಕುಳಿತು ಅದರ ಪಾದಗಳನ್ನು ಒಂದೊಂದಾಗಿ ಎತ್ತಿ ನೋಡಿದ. ನಾನು ನಿಂತೇ ಹೇಳಿದೆ. ಅವನು ತಲೆ ಎತ್ತಲಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಕೇಳಿದ.

"ಹಲ್ಲುನೋವು ನಿಜಾನಾ?"

"ನಿಜ."

"ಆಯ್ತು. ಇನ್ನು ಹೋಗು."

ಬಾಗಿಲು ಹಾಕಿಕೊಂಡ. ಇಷ್ಟು ವರ್ಷಗಳಲ್ಲಿ ನನ್ನ ಆ ಮಾತನ್ನು ನಂಬಿದವನು ಅವನೊಬ್ಬನೇ.

ಮುಂದಿನ ವಾರ ತಂದೆ ಭದ್ರಾವತಿಗೆ ಹೋದರಂತೆ. ಮಗ ಹಬ್ಬಕ್ಕೆ ಮನೆಗೆ ಬರುವುದು ಶುರುವಾಯಿತಂತೆ. ಅಷ್ಟು ಸರಿಹೋಯಿತು. ಆದರೆ ಬಡಾವಣೆಯವರಿಗೆ ಮ್ಯಾನೇಜರು ಏನೂ ಹೇಳಲಿಲ್ಲ; ನಾಯಿ ತಿರುಗಿಸುವವನ ಕೈಲಿ ಮೋಸಹೋದೆ ಎನ್ನುವುದು ಅವರ ಬಾಯಲ್ಲಿ ಬರುವ ಮಾತಲ್ಲ. ನಾನು ಹೇಳಬಹುದಿತ್ತು. ಟೀ ಅಂಗಡಿಯಲ್ಲಿ ಆ ನಾಯಿಯ ಕಥೆ ಬಂದಾಗಲೆಲ್ಲ, ಬೇಕೆಂದೇ ಸುಮ್ಮನಿದ್ದೆ. "ನೆನಪೇ ಇಲ್ಲ" ಎಂದರಲ್ಲ, ಅದಕ್ಕೆ. ಅವರು ತೀರಿಕೊಂಡ ದಿನವೂ ಅಂಗಳದಲ್ಲಿ ನಿಂತಿದ್ದ ಇಬ್ಬರು ಬಾರಿನ ಹಿಂಬಾಗಿಲಿನ ಮಾತಾಡಿ ಬಾಯಿ ಮುಚ್ಚಿಕೊಂಡು ನಕ್ಕರು. ನಾನು ಪಕ್ಕದಲ್ಲೇ ಇದ್ದೆ.

ಈಗ ಹೇಳುತ್ತೇನೆ. ಅವರು ಕುಡಿಯುತ್ತಿರಲಿಲ್ಲ.