ಖುದ್ದು ಹಾಜರಿ

ಮುಖ ನೋಡದೆ ನಜ್ಲಾ ಯಾರಿಗೂ ಅನುಮತಿ ಕೊಟ್ಟವಳಲ್ಲ. ದೂರದೂರದ ಊರುಗಳ ದೊಡ್ಡ ಕಂಪ್ಯೂಟರುಗಳನ್ನು ಜೋಡಿಸಿದ ಜಾಲವೊಂದಿತ್ತು. ಮಂಗಳೂರಿನ ಸಂಶೋಧಕರು ಅದನ್ನು ಬಳಸಬೇಕಾದರೆ ವರ್ಷಕ್ಕೊಮ್ಮೆ ಗುರುತಿನ ಚೀಟಿ ಹಿಡಿದು ಫಳ್ನೀರಿನ ಕಾಲೇಜಿನಲ್ಲಿ ಅವಳ ಮೇಜಿನೆದುರು ನಿಲ್ಲಬೇಕು. ಫೋನಿನಲ್ಲೇ ಮುಗಿಸಲು ನೋಡಿದ ಪ್ರಿನ್ಸಿಪಾಲರಿಗೂ ಅವಳು, "ನೀವೇ ಬರ್ಬೇಕು ಸರ್" ಅಂದಿದ್ದಳು.

ಪಡೀಲಿನ ಹರಿಕೃಷ್ಣ ಭಟ್ಟರು ಹನ್ನೊಂದು ವರ್ಷ ತಪ್ಪದೆ ಬಂದಿದ್ದರು. ಕಡಲಿನ ಅಲೆಗಳ ಲೆಕ್ಕ ಅವರದು. ಚೀಟಿಯ ಫೋಟೋದಲ್ಲಿ ಕನ್ನಡಕವಿಲ್ಲವೆಂದು ಪ್ರತಿ ಸಲವೂ ಅವಳು ಅವರ ಕನ್ನಡಕ ತೆಗೆಸುತ್ತಿದ್ದಳು. ಅವರು ಕಣ್ಣು ಕಿರಿದು ಮಾಡಿಕೊಂಡು ನಿಲ್ಲುತ್ತಿದ್ದರು.

ಈ ಸಲ ಚೀಟಿ ತಂದದ್ದು ಅವರ ಹೆಂಡತಿ ರಮಾದೇವಿ. ಭಟ್ಟರು ತೀರಿಕೊಂಡು ಹದಿನಾರು ದಿನವಾಗಿತ್ತು.

"ಅವರ ಹೆಸರಿನದ್ದು ಎಂತದೋ ಇನ್ನೂ ಓಡ್ತಾ ಉಂಟಂತೆ. ನಿಲ್ಲಿಸಿಬಿಡಿ."

ನಜ್ಲಾ ಪರದೆ ನೋಡಿದಳು. ಯಾವುದೋ ಊರಿನ ಯಂತ್ರ ಭಟ್ಟರ ಹೆಸರಿನಲ್ಲಿ ಅಲೆಗಳ ಲೆಕ್ಕ ಮಾಡುತ್ತಲೇ ಇತ್ತು. ಅನುಮತಿ ರದ್ದು ಮಾಡಲು ಕಾರಣ ಆರಿಸಬೇಕಿತ್ತು: ಪಾಸ್‌ವರ್ಡ್ ಕಳೆದಿದೆ, ಕೆಲಸ ಬಿಟ್ಟಿದ್ದಾರೆ, ಅಗತ್ಯವಿಲ್ಲ. ಸಾವು ಪಟ್ಟಿಯಲ್ಲಿರಲಿಲ್ಲ. ಅವಳು ‘ಅಗತ್ಯವಿಲ್ಲ’ ಒತ್ತಿದಳು. ಲೆಕ್ಕ ನಿಂತಿತು. ಅವಳಿಗೆ ಅಳು ಬರಲಿಲ್ಲ, ಏನೂ ಬರಲಿಲ್ಲ.

ರಮಾದೇವಿಯ ಚೀಲದೊಳಗೆ ಭಟ್ಟರ ಫೋನು ಟಿಣ್ ಅಂದಿತು. ಕನ್ನಡಕ ಮರೆತು ಬಂದಿದ್ದ ಆಕೆ ಅದನ್ನು ನಜ್ಲಾಳ ಕಡೆ ಚಾಚಿದರು.

"ಎಂತ ಬಂತು ನೋಡಿ."

ಅನುಮತಿ ರದ್ದಾದವರಿಗೆ ತಾನಾಗಿ ಹೋಗಲೆಂದು ಹನ್ನೊಂದು ವರ್ಷದ ಹಿಂದೆ ತಾನೇ ಬರೆದಿಟ್ಟ ಸಾಲನ್ನು ನಜ್ಲಾ ಓದಿ ಹೇಳಿದಳು: "ಅನುಮತಿ ಮತ್ತೆ ಬೇಕಾದರೆ ದಯವಿಟ್ಟು ಖುದ್ದಾಗಿ ಬನ್ನಿ."