ಧಾರವಾಡದ ಕ್ಯಾಲೆಂಡರಿನ ಕೆಂಪು ತಾರೀಖು

ವಿಜಯವಾಡಕ್ಕೆ ವರ್ಗವಾದ ವರ್ಷ ಅಲ್ಲಿನ ಪಟಮಟ ಬಡಾವಣೆಯ ನಮ್ಮ ಮನೆಯ ಅಡುಗೆಮನೆಯಲ್ಲಿ ತೂಗುತ್ತಿದ್ದದ್ದು ಧಾರವಾಡದ ಕ್ಯಾಲೆಂಡರು. ಬಸವ ಜಯಂತಿ ಅದರಲ್ಲಿ ಕೆಂಪಗಿತ್ತು. ಕೆಂಪು ಅಂದರೆ ಕೆಂಪು, ಅದರಲ್ಲಿ ವಾದವೇನು?

“ಇವತ್ತ ಸೂಟಿ ಅದ, ಆರಾಮ ಕೂಡ್ರಿ,” ಎಂದು ಹೆಂಡತಿ ಹೋಳಿಗೆ ಬಡಿಸಿದಳು. ಎರಡನೆಯದಕ್ಕೆ ತುಪ್ಪ ಬೀಳುವಷ್ಟರಲ್ಲಿ ನಮ್ಮ ಬ್ಯಾಂಕಿನ ಜವಾನ ಸೈಕಲ್ ಏರಿ ಬಂದ.

“ಸಾರ್, ಕೀಲಿ ಕೊಡಂಡಿ! ಜನ ಕಾಯ್ತಿದಾರೆ!”

ಆಂಧ್ರದಲ್ಲಿ ಅಂದು ರಜೆಯೇ ಇರಲಿಲ್ಲ! ತಿಜೋರಿಯ ಜೋಡಿ ಕೀಲಿಗಳಲ್ಲಿ ಒಂದು ನನ್ನ ಹತ್ತಿರ; ಎರಡೂ ಕೂಡಿ ಹಾಕಿದರೇ ತಿಜೋರಿ ತೆರೆಯುವುದು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಸೈಕಲ್ಲಿನ ಹಿಂದೆ ಕೂತೆ. ದಾರಿಯುದ್ದಕ್ಕೂ ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಅವನ ಬಾಯಲ್ಲೂ ಹೋಳಿಗೆಯಿತ್ತು.

ಮ್ಯಾನೇಜರು ಎಲ್ಲರೆದುರು ಚೆನ್ನಾಗಿ ಬೈದರು. ಸಂಜೆ ಪಕ್ಕಕ್ಕೆ ಕರೆದು ಮೆಲ್ಲಗೆ ಅಂದರು: “ಆ ಕ್ಯಾಲೆಂಡರು ನನಗೂ ಒಂದು ತರಿಸಿಕೊಡಿ. ಇನ್ನೊಂದು ಕೀಲಿ ನನ್ನ ಹತ್ತಿರಾನೇ ಇದೆ.”